ಕರೆಂಟ್ ಬರೋದು ಬಗ್ಗಿಸಿದ್ದಕ್ಕಲ್ಲ, ಮೇಡಂ

ನಮಸ್ಕಾರ ಮೇಡಂ,

ಬ್ಯಾಟರಿ ಬೇಡದ, ಬಗ್ಗಿಸಬಹುದಾದ, ಅತಿನೇರಳೆ ಕಿರಣ ಅಳೆಯುವ ಸೆನ್ಸರ್ ಬಗ್ಗೆ ಚಿಕ್ಕಮಗಳೂರಿನಿಂದ ನೀವು ಕಳಿಸಿದ ಲೇಖನ ಓದಿದೆ. ವಿಷಯ ಒಳ್ಳೆಯದು. ಆದರೆ ಈಗಿರುವ ಹಾಗೆ ಪತ್ರಿಕೆಯಲ್ಲಿ ಹಾಕಲು ಆಗಲ್ಲ.

ಮೊದಲ ಒಂದೂವರೆ ಪುಟ ಪೂರ್ತಿ ಮುಳ್ಳಯ್ಯನಗಿರಿಯ ಮಂಜು, ಕಾಫಿ ಹೂವಿನ ಘಮ. ಪಕ್ಕದ ಹಾಸನದವನು ನಾನು, ನನಗೇನೂ ಬೇಜಾರಿಲ್ಲ, ಆದರೆ ಸೆನ್ಸರ್‌ಗೂ ಅದಕ್ಕೂ ಏನು ಸಂಬಂಧ? ಇದೆ, ಅದನ್ನೇ ನೀವು ಬಿಟ್ಟಿದ್ದೀರಿ. ಸಾವಿರ ಮೀಟರ್ ಮೇಲೇರಿದರೆ ಅತಿನೇರಳೆ ಸುಮಾರು ಶೇಕಡಾ 10ರಿಂದ 12ರಷ್ಟು ಜಾಸ್ತಿಯಾಗುತ್ತದೆ. ಆ ಬೆಟ್ಟದ ತುದಿ 1,930 ಮೀಟರ್. ಇದನ್ನು ಎರಡು ಸಾಲಲ್ಲಿ ಹೇಳಿ, ಮಂಜು ಬಿಡಿ.

ಈಗ ದೊಡ್ಡ ತಪ್ಪು. ‘ಸೆನ್ಸರ್ ಬಗ್ಗಿಸಿದಾಗ ವಿದ್ಯುತ್ ಹುಟ್ಟುತ್ತದೆ, ಹಾಗಾಗಿ ಬ್ಯಾಟರಿ ಬೇಡ’ ಅಂತ ಬರೆದಿದ್ದೀರಿ. ಅಲ್ಲ. ಬಗ್ಗಿಸುವ ಕ್ಷಣಕ್ಕೆ ಒಂದು ಸಣ್ಣ ಮಿಡಿತ ಬರಬಹುದು, ಹಾಗೇ ಹಿಡಿದುಕೊಂಡರೆ ಅದು ನಿಲ್ಲುತ್ತದೆ. ಸೆನ್ಸರ್ ತನ್ನ ಪಾಡಿಗೆ ಕೆಲಸ ಮಾಡುವುದು ಸೋಲಾರ್ ಪ್ಯಾನೆಲ್ ಕೆಲಸ ಮಾಡುವ ಹಾಗೆಯೇ: ಎರಡು ವಸ್ತು ಸೇರುವ ಜಂಕ್ಷನ್‌ನಲ್ಲಿ ಮೊದಲೇ ಒಂದು ವಿದ್ಯುತ್ ಕ್ಷೇತ್ರ ಇರುತ್ತದೆ, ಬೆಳಕು ಎಬ್ಬಿಸಿದ ಎಲೆಕ್ಟ್ರಾನ್ ಒಂದು ಕಡೆಗೆ, ಅದು ಬಿಟ್ಟು ಬಂದ ಖಾಲಿ ಜಾಗ ಇನ್ನೊಂದು ಕಡೆಗೆ ಹೋಗುವ ಹಾಗೆ ಆ ಕ್ಷೇತ್ರವೇ ಎರಡನ್ನೂ ಬೇರೆ ಮಾಡುತ್ತದೆ. ಕರೆಂಟ್ ಅಲ್ಲಿಂದ.

ಹಾಗಾದರೆ ಬಗ್ಗಿಸುವುದು ಯಾಕೆ? ಬಗ್ಗಿಸಿದಾಗ ಸೆನ್ಸರ್‌ನಲ್ಲಿರುವ ಜಿಂಕ್ ಆಕ್ಸೈಡ್ ಹರಳನ್ನು ಎಳೆದ ಹಾಗಾಗುತ್ತದೆ. ಎಳೆದರೆ ಅದರ ಸತುವಿನ ಅಯಾನು, ಆಮ್ಲಜನಕದ ಅಯಾನು (ಚಾರ್ಜ್ ಇರುವ ಪರಮಾಣುಗಳು) ತುಸು ಪಕ್ಕಕ್ಕೆ ಸರಿಯುತ್ತವೆ, ತುದಿಗಳಲ್ಲಿ ಪ್ಲಸ್ ಮೈನಸ್ ನಿಲ್ಲುತ್ತದೆ. ಆ ಚಾರ್ಜ್ ಜಂಕ್ಷನ್ ಪಕ್ಕದಲ್ಲೇ ಕೂತು ಎಲೆಕ್ಟ್ರಾನ್ ದಾಟಬೇಕಾದ ಅಲ್ಲಿನ ತಡೆಯನ್ನು ಏರಿಸುತ್ತದೆ, ಇಲ್ಲವೇ ಇಳಿಸುತ್ತದೆ. ಬೇರೆ ಮಾಡುವ ಕೆಲಸ ಸಲೀಸಾದರೆ ಅದೇ ಬಿಸಿಲಿಗೆ ಜಾಸ್ತಿ ಕರೆಂಟ್. ಅಮೆರಿಕದ ಜಾರ್ಜಿಯಾ ಟೆಕ್ ವಿಶ್ವವಿದ್ಯಾಲಯದಲ್ಲಿ ವಿಜ್ಞಾನಿ ಝಾಂಗ್ ಲಿನ್ ವಾಂಗ್ ಬೆಳೆಸಿದ ಪೀಝೋ-ಫೋಟೋಟ್ರಾನಿಕ್ಸ್ ಅಂದರೆ ಇದೇ. ಲೇಖನದ ಜೀವ ಇಲ್ಲಿದೆ, ನೀವು ಇದಕ್ಕೆ ಕೊಟ್ಟಿದ್ದು ನಾಲ್ಕೇ ಸಾಲು!

‘ಬಗ್ಗಿಸಿದಷ್ಟೂ ಒಳ್ಳೆಯದು’ ಅನ್ನುವ ಸಾಲು ಹೊಡೆದು ಹಾಕಿದ್ದೇನೆ. ಸೆನ್ಸರ್ ಕೂತಿರುವ ಪ್ಲಾಸ್ಟಿಕ್ ಪಟ್ಟಿ ಬಾಗಿದಾಗ ಹೊರಮೈ ಹಿಗ್ಗುತ್ತದೆ, ಒಳಮೈ ಕುಗ್ಗುತ್ತದೆ, ಎರಡರ ಚಾರ್ಜೂ ಉಲ್ಟಾ. ತಪ್ಪು ಕಡೆಗೆ ಬಾಗಿಸಿದರೆ ಇದ್ದ ಕರೆಂಟೂ ಇಳಿಯಬಹುದು. ಒಂದು ಲೆಕ್ಕವನ್ನೂ ಸೇರಿಸಿ, ಓದುಗರಿಗೆ ಖುಷಿಯಾಗುತ್ತದೆ: 0.2 ಮಿಲಿಮೀಟರ್ ದಪ್ಪದ ಪ್ಲಾಸ್ಟಿಕ್ ಪಟ್ಟಿಯನ್ನು 2 ಸೆಂಟಿಮೀಟರ್ ತ್ರಿಜ್ಯಕ್ಕೆ ಬಾಗಿಸಿದರೆ ಹೊರಮೈ ಹಿಗ್ಗುವುದು ಶೇಕಡಾ 0.5 ಮಾತ್ರ. ಇಷ್ಟು ಅಲ್ಪ ಎಳೆತದಿಂದ ಕರೆಂಟ್ ಬದಲಾಗುತ್ತದಲ್ಲ, ಅದೇ ಸೋಜಿಗ.

‘ಯಾವ ಅರೆವಾಹಕವಾದರೂ ಆದೀತು’ ಅನ್ನುವುದೂ ಸರಿಯಲ್ಲ. ಸಿಲಿಕಾನ್ ಹರಳಿನ ಜೋಡಣೆ ಸಮವಾಗಿದೆ, ಎಳೆದರೂ ಈ ಚಾರ್ಜ್ ಬರಲ್ಲ. ಜೊತೆಗೆ ಅದಕ್ಕೆ ಮಾಮೂಲಿ ಬೆಳಕೂ ಕಾಣುತ್ತದೆ, ಫಿಲ್ಟರ್ ಹಾಕಬೇಕು. ಜಿಂಕ್ ಆಕ್ಸೈಡ್‌ನ ಶಕ್ತಿಯ ಅಂತರ (ಎಲೆಕ್ಟ್ರಾನನ್ನು ಎಬ್ಬಿಸಲು ಬೆಳಕಿಗೆ ಇರಬೇಕಾದ ಕನಿಷ್ಠ ಶಕ್ತಿ) 3.37 ಎಲೆಕ್ಟ್ರಾನ್ ವೋಲ್ಟ್, ಅಂದರೆ ಸುಮಾರು 370 ನ್ಯಾನೊಮೀಟರ್‌ಗಿಂತ ಉದ್ದದ ಅಲೆಗಳನ್ನು, ಮಾಮೂಲಿ ಬೆಳಕನ್ನೂ, ಅದು ಹೆಚ್ಚುಕಮ್ಮಿ ಲೆಕ್ಕಕ್ಕೇ ತೆಗೆದುಕೊಳ್ಳಲ್ಲ. ಗ್ಯಾಲಿಯಂ ನೈಟ್ರೈಡೂ ಹಾಗೇ.

ಇನ್ನೊಂದು ಮಾತು. ಹರಳಿನಲ್ಲಿ ಓಡಾಡುವ ಎಲೆಕ್ಟ್ರಾನ್ ಜಾಸ್ತಿ ಇದ್ದರೆ ಅವು ಬಗ್ಗಿಸಿದಾಗ ಬಂದ ಚಾರ್ಜನ್ನು ಮುಚ್ಚಿಬಿಡುತ್ತವೆ. ಈ ಕೊರತೆಯನ್ನೂ ಬರೆಯಿರಿ, ಬರೀ ಹೊಗಳಿಕೆ ಓದಿದರೆ ಜಾಹೀರಾತಿನ ಹಾಗಿರುತ್ತದೆ.

ಎರಡು ಪುಟಕ್ಕೆ ಇಳಿಸಿ ಕಳಿಸಿ. ನೆಟ್‌ನಿಂದ ತೆಗೆದ ಬಣ್ಣದ ಚಿತ್ರ ಬೇಡ, ಹಕ್ಕು ಯಾರದೋ ಏನೋ. ಜಂಕ್ಷನ್‌ನ ಚಿತ್ರ ನೀವೇ ಪೆನ್ಸಿಲ್‌ನಲ್ಲಿ ಬರೆದು ಫೋಟೋ ಕಳಿಸಿದರೆ ಸಾಕು, ನಮ್ಮ ಹುಡುಗ ತಿದ್ದಿ ಹಾಕುತ್ತಾನೆ.