ಇಪ್ಪತ್ತೆರಡು ವರ್ಷದ ಮೇಲೊಂದು ಹಿಟ್

ಮಾನ್ಯರೇ,

ಅಮೆರಿಕದ ರಾಕ್ ತಂಡ ಗ್ರೇಟ್‌ಫುಲ್ ಡೆಡ್ ಬಗ್ಗೆ ಕಳೆದ ಸಂಚಿಕೆಯಲ್ಲಿ ಬಂದ ಬರಹ ನಿಮಗೆ ಹಿಡಿಸಿಲ್ಲ. 1965ರಿಂದ ಹಾಡಿ, 1987ರಲ್ಲಿ ‘ಟಚ್ ಆಫ್ ಗ್ರೇ’ ಎಂಬ ಒಂದೇ ಹಿಟ್ ಕೊಟ್ಟವರಿಗೆ ಅಷ್ಟು ಪುಟ ಏಕೆ, ಆ ಒಂದೂ, ಹಾಡುಗಳ ವಿಡಿಯೊ ತೋರಿಸುತ್ತಿದ್ದ ಟಿವಿ ಚಾನೆಲ್ ಎಂಟಿವಿಯ ಕೃಪೆಯಲ್ಲವೇ ಎಂದು ಕೇಳಿದ್ದೀರಿ. ಅವರನ್ನು ಕೇಳುವುದಾದರೆ ಎಲ್ಲಿಂದ ಶುರುಮಾಡಲಿ ಎಂಬ ಪ್ರಶ್ನೆಯೂ ಕೊನೆಯಲ್ಲಿದೆ.

ಎಂಟಿವಿಯ ಪಾಲು ಇತ್ತು, ಒಪ್ಪೋಣ. ಅಸ್ಥಿಪಂಜರದ ಸೂತ್ರದ ಗೊಂಬೆಗಳು ಗಿಟಾರ್ ಹಿಡಿದು ಹಾಡುವ ವಿಡಿಯೊ ಯಾರ ಕಣ್ಣಿಗಾದರೂ ಬೀಳುವಂಥದ್ದೇ. ಆದರೆ ಹಾಡು ಆಗ ಹುಟ್ಟಿದ್ದಲ್ಲ. 1982ರಿಂದಲೇ ವೇದಿಕೆಯ ಮೇಲಿತ್ತು. 1986ರ ಜುಲೈನಲ್ಲಿ ತಂಡದ ಗಿಟಾರ್ ವಾದಕ, ಗಾಯಕ ಜೆರ್ರಿ ಗಾರ್ಸಿಯ ಸಕ್ಕರೆ ಕಾಯಿಲೆ ಉಲ್ಬಣಿಸಿ ಕೋಮಾಕ್ಕೆ ಹೋದರು. ಎಚ್ಚರಾದ ಮೇಲೆ ಗಿಟಾರ್ ನುಡಿಸುವುದನ್ನೇ ಮತ್ತೆ ಕಲಿಯಬೇಕಾಯಿತು. ಡಿಸೆಂಬರ್ 15ರಂದು ಓಕ್ಲೆಂಡ್‌ನಲ್ಲಿ ಮರಳಿ ವೇದಿಕೆ ಹತ್ತಿದಾಗ ಮೊದಲು ಎತ್ತಿಕೊಂಡದ್ದು ಇದೇ ಹಾಡನ್ನು. ಹೇಗೋ ಬದುಕಿಕೊಳ್ಳುತ್ತೇನೆ ಎನ್ನುವ ಪಲ್ಲವಿ ಅದರದು, ಕೊನೆಗೆ ‘ನಾನು’ ಹೋಗಿ ‘ನಾವು’ ಆಗುತ್ತದೆ. ತಂಡಕ್ಕೆ ಸಾಹಿತ್ಯ ಬರೆಯುತ್ತಿದ್ದ ರಾಬರ್ಟ್ ಹಂಟರ್ ಇದನ್ನು ಬರೆದಾಗ ಇಲ್ಲದಿದ್ದ ಅರ್ಥ ಅಂದು ಬಂತು. ಮರುತಿಂಗಳು ಸ್ಯಾನ್ ರಫೇಲ್‌ನ ಖಾಲಿ ಸಭಾಂಗಣವೊಂದರಲ್ಲಿ, ಶೋ ಕೊಡುವಂತೆಯೇ ನಿಂತು ರೆಕಾರ್ಡ್ ಮಾಡಿದರು. ಸ್ಟುಡಿಯೊದಲ್ಲಿ ಸಪ್ಪೆಯಾಗುತ್ತಿದ್ದ ತಂಡಕ್ಕೆ ಅದು ಒಗ್ಗಿತು. ಅಮೆರಿಕದ ಜನಪ್ರಿಯ ಹಾಡುಗಳ ಬಿಲ್‌ಬೋರ್ಡ್ ಪಟ್ಟಿಯಲ್ಲಿ 9ನೇ ಸ್ಥಾನ. ಅದಕ್ಕೆ ಮುಂಚೆ ಅವರ ಹಾಡು ಏರಿದ್ದು 64ರವರೆಗೆ ಮಾತ್ರ.

ಹಿಟ್ ಇಲ್ಲದೆಯೂ ಅವರ ಸಂಸಾರ ಚೆನ್ನಾಗಿಯೇ ನಡೆದಿತ್ತು. ಶೋಗಳನ್ನು ಕೇಳುಗರು ಟೇಪ್ ಮಾಡಿಕೊಳ್ಳಲು ಬಿಡುತ್ತಿದ್ದರು. 1984ರಿಂದ ಅಂಥವರಿಗೆ ಬೇರೆ ಜಾಗವನ್ನೇ ಕೊಟ್ಟರು. ಮೇಳದ ಹಿಂದೆ ಊರೂರು ತಿರುಗುವ ಯಕ್ಷಗಾನಪ್ರಿಯರಂತೆ ಅಭಿಮಾನಿಗಳು ಇವರ ಹಿಂದೆ ಹೋಗುತ್ತಿದ್ದರು, ಕ್ಯಾಸೆಟ್ ಕೈಯಿಂದ ಕೈಗೆ ದಾಟುತ್ತಿತ್ತು. ರೆಕಾರ್ಡ್ ಕಂಪನಿಗಳಿಗೆ ಇದು ಹುಚ್ಚಾಟವೆನಿಸಿದ್ದರೆ ಆಶ್ಚರ್ಯವಿಲ್ಲ.

ತೊಂದರೆ ಶುರುವಾದದ್ದೇ ಗೆದ್ದ ಮೇಲೆ. ಟಿಕೆಟ್ ಇಲ್ಲದವರು ಪಾರ್ಕಿಂಗ್ ಜಾಗದಲ್ಲಿ ಜಾತ್ರೆ ನೆರೆದರು. 1989ರ ಹೊತ್ತಿಗೆ ತಂಡವೇ ಅಲ್ಲಿ ಬಿಡಾರ, ವ್ಯಾಪಾರ ಬೇಡವೆನ್ನಬೇಕಾಯಿತು. 1995ರ ಜುಲೈನಲ್ಲಿ ಇಂಡಿಯಾನಾದ ಡಿಯರ್ ಕ್ರೀಕ್‌ನಲ್ಲಿ ಸಾವಿರಾರು ಜನ ಬೇಲಿ ಮುರಿದು ನುಗ್ಗಿದರು. ಮರುದಿನದ ಶೋ ರದ್ದು. ಆ ಆಗಸ್ಟ್‌ನಲ್ಲಿ ಗಾರ್ಸಿಯ ತೀರಿಕೊಂಡರು, ತಂಡವೂ ಮುಗಿಯಿತು. ಒಂದು ಹಿಟ್‌ನಿಂದ ಇಷ್ಟೆಲ್ಲ ಆದದ್ದಕ್ಕೇ ಅಷ್ಟು ಪುಟ.

ಕೇಳಲು ಶುರುಮಾಡುವುದಾದರೆ ‘ಟಚ್ ಆಫ್ ಗ್ರೇ’ಯಿಂದ ಬೇಡ. ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ 1977ರ ಮೇ 8ರಂದು ಕೊಟ್ಟ ಶೋ 2017ರಲ್ಲಿ ಅಧಿಕೃತವಾಗಿ ಬಿಡುಗಡೆಯಾಗಿದೆ. ರಾತ್ರಿ ಊಟ ಮುಗಿಸಿ ಹಾಕಿಕೊಳ್ಳಿ, ಉದ್ದವಿದೆ.

—ಸಂಪಾದಕ