‘ಕರಗುತ್ತದೆ’ ಅಂತ ಹನ್ನೊಂದು ಸಲ ಬರೆದಿದ್ದೀರಿ

ನಮಸ್ಕಾರ.

ನಿಮ್ಮ ‘ಮಾಯವಾಗುವ ಪ್ಲಾಸ್ಟಿಕ್’ ಲೇಖನ ಬಂದು ಮೂರು ವಾರವಾಯಿತು. ಎರಡು ಸಲ ಓದಿದೆ, ಎರಡನೇ ಸಲ ಕೈಯಲ್ಲಿ ಪೆನ್ಸಿಲ್ ಹಿಡಿದು. ಈಗಿರುವ ಹಾಗೆ ಇದನ್ನು ಪತ್ರಿಕೆಯಲ್ಲಿ ಹಾಕಲು ಆಗುವುದಿಲ್ಲ. ಹಾಗಂತ ಸುಮ್ನೆ ವಾಪಸ್ ಕಳಿಸಲು ಮನಸ್ಸೂ ಬರುತ್ತಿಲ್ಲ. ಪಾಲಿಮರ್ ಸೈನ್ಸ್‌ನಲ್ಲಿ ಎಂಎಸ್ಸಿ ಮಾಡಿ, ಅದನ್ನು ಕನ್ನಡದಲ್ಲಿ ಬರೆಯಲು ಕೂರುವವರು ನಮಗೆ ವರ್ಷಕ್ಕೆ ಒಬ್ಬರು ಸಿಕ್ಕರೆ ಹೆಚ್ಚು. ಅದಕ್ಕೇ ಈ ಉದ್ದದ ಉತ್ತರ.

ನೀವು ಆರು ವಿಷಯ ತೆಗೆದುಕೊಂಡಿದ್ದೀರಿ. ಬಾಟಲಿ ತಿನ್ನುವ ಬ್ಯಾಕ್ಟೀರಿಯಾ, ಮೆಕ್ಕೆಜೋಳದಿಂದ ಮಾಡಿದ ಲೋಟ, ಉಪ್ಪುನೀರಿನಲ್ಲಿ ಹೋಗುವ ಜಪಾನಿನ ಪ್ಲಾಸ್ಟಿಕ್, ಪ್ಲಾಸ್ಟಿಕ್ ಸೇರಿಸಿದ ಡಾಂಬರು ರಸ್ತೆ, ಹೊಲಕ್ಕೆ ಹಾಕುವ ಹೈಡ್ರೋಜೆಲ್, ಐಐಎಸ್‌ಸಿಯವರ (ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ) ಮೈಕ್ರೋಪ್ಲಾಸ್ಟಿಕ್, ಅಂದರೆ ಪ್ಲಾಸ್ಟಿಕ್ಕಿನ ಅತಿ ಸಣ್ಣ ಚೂರು, ಹಿಡಿಯುವ ಜೆಲ್. ಆರೂ ನಿಜವಾದ ಕೆಲಸಗಳು. ಆಯ್ಕೆಯಲ್ಲಿ ತಪ್ಪಿಲ್ಲ. ತಪ್ಪಿರುವುದು ಒಂದು ಕ್ರಿಯಾಪದದಲ್ಲಿ. ‘ಕರಗುತ್ತದೆ’. ಎಣಿಸಿದೆ, ಹನ್ನೊಂದು ಕಡೆ ಇದೆ. ಈ ಹನ್ನೊಂದರಲ್ಲಿ ಸರಿಯಾಗಿ ಕೂತಿರುವುದು ಎರಡೇ ಎರಡು.

ಯಾಕೆ ಇಷ್ಟು ಹಟ ಅಂತ ಅನ್ನಿಸಬಹುದು. ಕೆಲವು ವರ್ಷಗಳ ಹಿಂದೆ ನಾನೇ ಒಂದು ಚಿಕ್ಕ ಸುದ್ದಿ ಬರೆದಿದ್ದೆ. ‘ಮಣ್ಣಿನಲ್ಲಿ ಕರಗುವ ಕೈಚೀಲ ಬಂದಿದೆ’ ಅಂತ. ಚೀಲ ಮಾಡಿದವರು ಕೊಟ್ಟ ಚೀಟಿಯನ್ನು ನೋಡಿ ಬರೆದ ನಾಲ್ಕು ಸಾಲು. ಸುಮಾರು ಎಂಟು ತಿಂಗಳಾದ ಮೇಲೆ ಹನುಮಂತನಗರದ ಓದುಗರೊಬ್ಬರು ಕಚೇರಿಗೆ ಬಂದರು. ಪೇಪರಿನಲ್ಲಿ ಸುತ್ತಿದ್ದ ಒಂದು ಚೀಲ ಬಿಚ್ಚಿ ಮೇಜಿನ ಮೇಲೆ ಇಟ್ಟರು. ತಾರಸಿಯ ಗೊಬ್ಬರದ ಡ್ರಮ್ಮಿನಲ್ಲಿ ತರಕಾರಿ ಸಿಪ್ಪೆಯ ಜೊತೆ ಅದನ್ನೂ ಹಾಕಿದ್ದರಂತೆ. ಸಿಪ್ಪೆಯೆಲ್ಲ ಮಣ್ಣಾಗಿತ್ತು. ಚೀಲದ ಮೇಲಿನ ಅಕ್ಷರ ಇನ್ನೂ ಓದಲು ಬರುತ್ತಿತ್ತು. “ಕರಗುತ್ತೆ ಅಂತ ಬರೆದಿದ್ರಲ್ಲ ಮೇಡಂ” ಅಂದರು. ಸಿಟ್ಟೇನೂ ಇರಲಿಲ್ಲ. ನಂಬಿ ಹಾಕಿದ್ದರು, ಅಷ್ಟೇ. ಆ ಚೀಲ ಈಗಲೂ ನನ್ನ ಡ್ರಾಯರಿನಲ್ಲಿದೆ.

ನಮ್ಮ ಭಾಷೆಯಲ್ಲಿ ಕರಗುವುದು ಅಂದರೆ ಏನೇನೆಲ್ಲ ಅಲ್ವಾ? ಬಿಸಿಗೆ ಬೆಣ್ಣೆ ಕರಗುತ್ತದೆ. ನೀರಿಗೆ ಸಕ್ಕರೆ ಕರಗುತ್ತದೆ. ಆಕಾಶದಲ್ಲಿ ಮೋಡ ಕರಗುತ್ತದೆ. ಕರಗಿದ ಬೆಣ್ಣೆ ಆರಿದರೆ ಮತ್ತೆ ಗಟ್ಟಿಯಾಗುತ್ತದೆ. ಸಕ್ಕರೆ ಕಣ್ಣಿಗೆ ಕಾಣದಿದ್ದರೂ ನೀರೊಳಗೇ ಇರುತ್ತದೆ. ಬಾಳೆಹಣ್ಣಿನ ಸಿಪ್ಪೆ ಮಾತ್ರ ಕರಗುವುದಿಲ್ಲ, ಕೊಳೆಯುತ್ತದೆ, ಮತ್ತೆಂದೂ ಸಿಪ್ಪೆಯಾಗುವುದಿಲ್ಲ. ಪ್ಲಾಸ್ಟಿಕ್ ವಿಷಯಕ್ಕೆ ಬಂದರೆ ಮೆತ್ತಗಾಗುವುದು, ನೀರಿನಲ್ಲಿ ಬೆರೆಯುವುದು, ಕೊಳೆಯುವುದು, ಪುಡಿಯಾಗುವುದು, ಇವು ನಾಲ್ಕು ಬೇರೆ ಬೇರೆ ಸಂಗತಿ. ಪುಡಿಯಾದದ್ದು ಎಲ್ಲಿಗೂ ಹೋಗಿರುವುದಿಲ್ಲ. ಕಣ್ಣಿಗೆ ಕಾಣಿಸುವುದಿಲ್ಲ, ಅಷ್ಟೇ. ನೀವು ನಾಲ್ಕಕ್ಕೂ ಒಂದೇ ಮಾತು ಬಳಸಿದ್ದೀರಿ. ಓದಿದವರು ತಮಗೆ ಬೇಕಾದ ಅರ್ಥ ತೆಗೆದುಕೊಂಡು ಡ್ರಮ್ಮಿಗೆ ಹಾಕುತ್ತಾರೆ.

ಮೊದಲು ನಿಮ್ಮ ಮೆಕ್ಕೆಜೋಳದ ಲೋಟ. ಅದು ಪಿಎಲ್ಎ, ಅಂದರೆ ಪಾಲಿಲ್ಯಾಕ್ಟಿಕ್ ಆಸಿಡ್. ‘ಮಣ್ಣಿಗೆ ಹಾಕಿದರೆ ಆರು ತಿಂಗಳಲ್ಲಿ ಕರಗಿಹೋಗುತ್ತದೆ’ ಅಂದಿದ್ದೀರಿ. ಆರು ತಿಂಗಳು ಎಲ್ಲಿಂದ ಬಂತು ಅಂತ ನಿಮಗೂ ಗೊತ್ತಿರಬೇಕು. ಕಾಂಪೋಸ್ಟ್ ಆಗುವ ಪ್ಲಾಸ್ಟಿಕ್ಕಿಗೆ ನಮ್ಮ ದೇಶ ಒಪ್ಪಿರುವ ಮಾನದಂಡ ಐಎಸ್ಒ 17088. ಅದರ ಪ್ರಕಾರ 180 ದಿನದೊಳಗೆ ವಸ್ತುವಿನಲ್ಲಿರುವ ಇಂಗಾಲದ ಶೇ 90ರಷ್ಟು ಇಂಗಾಲದ ಡೈಆಕ್ಸೈಡ್ ಆಗಿರಬೇಕು. ಆದರೆ ಆ ಪರೀಕ್ಷೆ ನಡೆಯುವುದು 58 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಬಿಸಿಯಲ್ಲಿ. ದೊಡ್ಡ ಗೊಬ್ಬರ ಘಟಕದ ರಾಶಿಯೊಳಗೆ ಅಷ್ಟು ಕಾವು ಹುಟ್ಟುತ್ತದೆ. 2016ರ ಏಪ್ರಿಲ್‌ನಲ್ಲಿ ನಮ್ಮ ಬೆಂಗಳೂರು ಬೆಂದುಹೋದಾಗಲೂ ಹೊರಗಿನ ಬಿಸಿ 39.2 ಡಿಗ್ರಿ. ಬಾಲ್ಕನಿಯ ಕುಂಡದಲ್ಲಿ 58 ಎಲ್ಲಿಂದ ಬರಬೇಕು? ಹಾಗಾಗಿ ನಿಮ್ಮ ಸಾಲು ಸುಳ್ಳಲ್ಲ, ಅರ್ಧ. ‘58 ಡಿಗ್ರಿ ಕಾವಿನ ಗೊಬ್ಬರದ ರಾಶಿಯಲ್ಲಿ, ಆರು ತಿಂಗಳೊಳಗೆ ಕೊಳೆಯುತ್ತದೆ’ ಅಂತ ಬರೆಯಿರಿ. ನಾಲ್ಕು ಪದ ಜಾಸ್ತಿಯಾಗಲಿ, ತೊಂದರೆಯಿಲ್ಲ.

ಇನ್ನೊಂದು ಮಾತು. ಪಿಎಲ್ಎ ಸುಮಾರು 60 ಡಿಗ್ರಿಗೆ ಮೆತ್ತಗಾಗುತ್ತದೆ. ಹಾಗಾಗಿ ಬರೀ ಪಿಎಲ್ಎ ಲೋಟಕ್ಕೆ ಹೊಗೆಯಾಡುವ ಕಾಫಿ ಸುರಿದರೆ ಅದು ಸೊಟ್ಟಗಾಗುತ್ತದೆ. ದರ್ಶಿನಿಯಲ್ಲಿ ನಿಂತು ಕಾಫಿ ಕುಡಿಯುವ ಊರಿನವರಿಗೆ ಇದನ್ನು ಹೇಳದೆ ಇರಬಹುದೇ?

ಬಾಟಲಿಯ ಭಾಗ ನನಗೆ ಬಹಳ ಇಷ್ಟ. ಆದರೆ ಅಲ್ಲೇ ದೊಡ್ಡ ತಪ್ಪೂ ಆಗಿದೆ. ‘ಜಪಾನಿನ ಬ್ಯಾಕ್ಟೀರಿಯಾ ಹತ್ತು ಗಂಟೆಯಲ್ಲಿ ಶೇ 90ರಷ್ಟು ಬಾಟಲಿಯನ್ನು ಕರಗಿಸುತ್ತದೆ’ ಅಂತ ಬರೆದಿದ್ದೀರಿ. ಎರಡು ಸಂಶೋಧನೆ ಒಂದೇ ವಾಕ್ಯದಲ್ಲಿ ಕಲಸಿಹೋಗಿವೆ. ಜಪಾನಿನ ಸಕಾಯಿ ಊರಿನಲ್ಲಿ, ಪೆಟ್ (ನೀರಿನ ಬಾಟಲಿ ಮಾಡುವ ಪ್ಲಾಸ್ಟಿಕ್) ಬಾಟಲಿ ಮರುಬಳಕೆ ಮಾಡುವ ಜಾಗದಲ್ಲಿ ಸಿಕ್ಕ ಬ್ಯಾಕ್ಟೀರಿಯಾ ಇಡಿಯೊನೆಲ್ಲ ಸಕಾಯೆನ್ಸಿಸ್. ಅದರ ವರದಿ ಬಂದದ್ದು 2016ರಲ್ಲಿ. 30 ಡಿಗ್ರಿಯಲ್ಲಿ, ತೆಳ್ಳಗಿನ ಪೆಟ್ ಹಾಳೆಯನ್ನು ತಿಂದು ಮುಗಿಸಲು ಅದಕ್ಕೆ ಆರು ವಾರ ಬೇಕಾಯಿತು. ಬಾಟಲಿಯ ಪೆಟ್ ಆ ಹಾಳೆಗಿಂತ ಗಟ್ಟಿ ಜೋಡಣೆಯದ್ದು, ಅಷ್ಟು ಸುಲಭಕ್ಕೆ ಬಗ್ಗುವುದಿಲ್ಲ. ಹತ್ತು ಗಂಟೆ, ಶೇ 90 ಅನ್ನುವುದು 2020ರ ಫ್ರಾನ್ಸಿನ ಕೆಲಸ. ಅದು ಬ್ಯಾಕ್ಟೀರಿಯಾ ಅಲ್ಲ, ಕಿಣ್ವ, ಅಂದರೆ ಜೀವಿಗಳಲ್ಲಿ ರಾಸಾಯನಿಕ ಕ್ರಿಯೆಯನ್ನು ಚುರುಕು ಮಾಡುವ ಪ್ರೋಟೀನು. ಮೂಲದಲ್ಲಿ ಅದು ಸಿಕ್ಕಿದ್ದು ಜಪಾನಿನಲ್ಲಿ ಎಲೆ, ಕೊಂಬೆ ಕೊಳೆಯಲು ಹಾಕಿದ್ದ ಗೊಬ್ಬರದಲ್ಲಿ. ಟುಲೂಸ್‌ನ ವಿಜ್ಞಾನಿಗಳು ಮತ್ತು ಕಾರ್ಬಿಯೋಸ್ ಕಂಪನಿಯವರು ಅದನ್ನು ತಿದ್ದಿ ಚುರುಕು ಮಾಡಿದರು. ಬಾಟಲಿಯನ್ನು ಮೊದಲೇ ಹದ ಮಾಡಿ, ಪುಡಿ ಮಾಡಿ, 72 ಡಿಗ್ರಿಯಲ್ಲಿ ಇಟ್ಟಾಗ ಬಂದ ಲೆಕ್ಕ ಅದು.

ಯಾಕೆ 72? ಇದನ್ನು ನೀವು ಬಿಟ್ಟೇಬಿಟ್ಟಿದ್ದೀರಿ. ನನಗೆ ಲೇಖನದಲ್ಲಿ ಎಲ್ಲಕ್ಕಿಂತ ಬೇಕಾಗಿರುವುದು ಅದೇ. ಪಾಲಿಮರ್ ಸರಪಳಿಗೆ, ಅಂದರೆ ಚಿಕ್ಕ ಅಣುಗಳು ಸಾಲಾಗಿ ಕೂಡಿಕೊಂಡ ಉದ್ದ ಎಳೆಗೆ, ನೀವು ಮುತ್ತಿನ ಹಾರದ ಹೋಲಿಕೆ ಕೊಟ್ಟಿದ್ದೀರಿ. ಹಾರ ಅಂದರೆ ಒಂದೇ ಎಳೆ, ಅಚ್ಚುಕಟ್ಟಾಗಿ ತೂಗಿರುತ್ತದೆ. ಪ್ಲಾಸ್ಟಿಕ್ಕಿನೊಳಗೆ ಹಾಗಿಲ್ಲವಲ್ಲ. ಒತ್ತು ಶಾವಿಗೆ ನೆನಪು ಮಾಡಿಕೊಳ್ಳಿ. ಒರಳಿನಿಂದ ಇಳಿದ ಬಿಸಿಯಲ್ಲಿ ಎಳೆ ಎಳೆಯಾಗಿ ಬಿಡಿಸಬಹುದು. ಆರಿದ ಮೇಲೆ ಅಂಟಿಕೊಂಡು ಗಟ್ಟಿಯಾಗುತ್ತದೆ, ಬೆರಳು ಇಳಿಯುವುದಿಲ್ಲ. ಪೆಟ್ ಕೂಡ ಹಾಗೆಯೇ. ಸುಮಾರು 70 ಡಿಗ್ರಿ ದಾಟಿದರೆ ಎಳೆಗಳು ಸಡಿಲವಾಗಿ ಅಲುಗಾಡುತ್ತವೆ. ಆಗ ಕಿಣ್ವಕ್ಕೆ ಒಳಗೆ ಕೈಹಾಕಲು ಜಾಗ ಸಿಗುತ್ತದೆ. ಆದರೆ ಅಷ್ಟು ಬಿಸಿಯಲ್ಲಿ ಸಾಮಾನ್ಯ ಕಿಣ್ವಗಳೇ ಕೆಟ್ಟುಹೋಗುತ್ತವೆ. ಬಿಸಿ ತಡೆಯುವ ಕಿಣ್ವ ಮಾಡಿದ್ದೇ ಆ ಕೆಲಸದ ಹೆಚ್ಚುಗಾರಿಕೆ. ಮತ್ತೆ, ಅದು ಪೆಟ್ ಅನ್ನು ಕರಗಿಸುವುದಿಲ್ಲ, ಕತ್ತರಿಸುತ್ತದೆ. ಹಳೇ ಸ್ವೆಟರ್ ಬಿಚ್ಚಿ ಉಲ್ಲನ್ ಉಂಡೆ ಸುತ್ತಿದ ಹಾಗೆ, ಮೊದಲಿನ ತುಂಡುಗಳು ವಾಪಸ್ ಸಿಗುತ್ತವೆ. ಅದರಿಂದ ಮತ್ತೆ ಹೊಸ ಬಾಟಲಿ ಮಾಡಬಹುದು. ‘ಕರಗುತ್ತದೆ’ ಅಂದಾಗ ಈ ಕಥೆಯೇ ಕಳೆದುಹೋಯಿತು.

ಜಪಾನಿನ ರಿಕೆನ್ ಸಂಸ್ಥೆಯವರ 2024ರ ಪ್ಲಾಸ್ಟಿಕ್ಕಿಗೆ ಮಾತ್ರ ನಿಮ್ಮ ಕ್ರಿಯಾಪದ ಸರಿ. ಅಲ್ಲಿ ಎಳೆಗಳನ್ನು ಹಿಡಿದಿಟ್ಟಿರುವುದು ಉಪ್ಪಿನಂಥ ಬಂಧ. ಸಮುದ್ರದ ನೀರು ತಾಗಿದರೆ ಆ ಬಂಧ ಬಿಟ್ಟುಕೊಳ್ಳುತ್ತದೆ, ಕೆಲವು ಗಂಟೆಗಳಲ್ಲಿ ನಿಜವಾಗಿ ಕರಗುತ್ತದೆ. ಆದರೆ ನಮ್ಮ ಓದುಗರ ಮೊದಲ ಪ್ರಶ್ನೆ ನನಗೆ ಈಗಲೇ ಕೇಳಿಸುತ್ತಿದೆ. ಇದರಲ್ಲಿ ಉಪ್ಪಿನಕಾಯಿ ಕಟ್ಟಬಹುದಾ? ಬಳಸುವಾಗಲೇ ಕರಗದಿರಲು ಅದರ ಮೇಲೆ ನೀರು ತಾಗದ ತೆಳು ಲೇಪ ಬೇಕು. ಲೇಪಕ್ಕೆ ಗೀರು ಬಿದ್ದರೆ ಕರಗುವುದು ಶುರು. ಈ ಎರಡು ಸಾಲು ಸೇರಿಸಿ.

ಹೊಲದ ಹೈಡ್ರೋಜೆಲ್‌ಗೆ ಒಂದೇ ತಿದ್ದುಪಡಿ. ಅದು ‘ನೀರಿನಲ್ಲಿ ಕರಗಿ’ ತೇವ ಕೊಡುವುದಿಲ್ಲ, ಉಬ್ಬುತ್ತದೆ. ಕಾಮಕಸ್ತೂರಿ ಬೀಜ ನೆನೆಹಾಕಿದ ಹಾಗೆ. ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯ ಪೂಸಾ ಹೈಡ್ರೋಜೆಲ್ ತನ್ನ ತೂಕದ 350 ಪಟ್ಟಿಗೂ ಜಾಸ್ತಿ ನೀರು ಹಿಡಿದು, ಬೇರಿನ ಸುತ್ತ ಮಣ್ಣು ಒಣಗಿದಾಗ ಬಿಟ್ಟುಕೊಡುತ್ತದೆ. ಕರಗುವುದಾದರೆ ಮೊದಲ ಮಳೆಗೇ ಕೊಚ್ಚಿಹೋಗುತ್ತಿತ್ತು.

ರಸ್ತೆ ವಿಷಯ. ‘ಡಾಂಬರಿನಲ್ಲಿ ಕರಗಿ ಪ್ಲಾಸ್ಟಿಕ್ ಇಲ್ಲವಾಗುತ್ತದೆ’ ಅಂದಿದ್ದೀರಿ. ಇಲ್ಲವಾಗುವುದಿಲ್ಲ. ಮಧುರೈನ ರಾಜಗೋಪಾಲನ್ ವಾಸುದೇವನ್ ಅವರ ವಿಧಾನದಲ್ಲಿ ಚೂರು ಮಾಡಿದ ಕವರನ್ನು ಸುಮಾರು 160, 170 ಡಿಗ್ರಿಗೆ ಕಾಯಿಸಿದ ಜಲ್ಲಿಯ ಮೇಲೆ ಹಾಕುತ್ತಾರೆ. ಅದು ಮೆತ್ತಗಾಗಿ ಕಲ್ಲಿಗೆ ಹೊದಿಕೆಯಾಗುತ್ತದೆ. ಅದರ ಮೇಲೆ ಡಾಂಬರು ಚೆನ್ನಾಗಿ ಕಚ್ಚುತ್ತದೆ, ಕಲ್ಲಿಗೂ ಡಾಂಬರಿಗೂ ನಡುವೆ ನೀರು ನುಗ್ಗುವುದು ಕಡಿಮೆಯಾಗುತ್ತದೆ. 2018ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಬೆಂಗಳೂರಲ್ಲೂ 2000ದ ದಶಕದ ಮೊದಲ ವರ್ಷಗಳಲ್ಲೇ ಇಂಥ ರಸ್ತೆ ಹಾಕಿದ್ದಾರೆ. ನಮ್ಮೂರಿನ ಈ ಸಂಗತಿಯನ್ನು ನೀವು ಒಂದು ಸಾಲಿನಲ್ಲೂ ಹೇಳಿಲ್ಲ. ಪಿವಿಸಿ ಸೇರಬಾರದು ಅನ್ನುವುದನ್ನೂ ಹೇಳಿಲ್ಲ. ಅದನ್ನು ಅಷ್ಟು ಕಾಯಿಸಿದರೆ ಹೈಡ್ರೋಜನ್ ಕ್ಲೋರೈಡ್ ಅನಿಲ ಬರುತ್ತದೆ. ಕೆಲಸ ಮಾಡುವವರ ಮೂಗು ಗಂಟಲು ಸುಡುತ್ತದೆ.

ಐಐಎಸ್‌ಸಿಯ ಜೆಲ್ ಬಗ್ಗೆ ನೀವು ಬರೆದಿರುವುದು ಬರೀ ಮೂರು ಸಾಲು. ಜಪಾನಿಗೆ ಎರಡು ಪುಟ, ಯಶವಂತಪುರದ ಪಕ್ಕದಲ್ಲಿರುವುದಕ್ಕೆ ಮೂರು ಸಾಲು! ಅದನ್ನು ಹಿಗ್ಗಿಸಿ. 2024ರಲ್ಲಿ ಹೊರಬಂದ ಆ ಕೆಲಸದಲ್ಲಿ ಮೂರು ಪಾಲಿಮರ್‌ಗಳನ್ನು ಒಂದರೊಳಗೊಂದು ಹೆಣೆದಿದ್ದಾರೆ: ಕೈಟೋಸಾನ್, ಪಾಲಿವಿನೈಲ್ ಆಲ್ಕೋಹಾಲ್, ಪಾಲಿಅನಿಲೀನ್. ಕೈಟೋಸಾನ್ ಅಂದರೆ ಸಿಗಡಿ, ಏಡಿ ಚಿಪ್ಪಿನಿಂದ ತೆಗೆಯುವುದು ಅಂತ ಹೇಳಿದರೆ ಓದುಗರ ಕಣ್ಣು ಅರಳುತ್ತದೆ. ಪರೀಕ್ಷೆಗೆ ಬೇಕಾದ ಮೈಕ್ರೋಪ್ಲಾಸ್ಟಿಕ್ ಅವರಿಗೆ ಸಿಕ್ಕಿದ್ದು ಎಲ್ಲಿ? ಊಟದ ಡಬ್ಬಿಯ ಮುಚ್ಚಳದಂಥ ದಿನಬಳಕೆಯ ಸಾಮಾನನ್ನು ಪುಡಿ ಮಾಡಿ. ನಾವು ಪಾರ್ಸೆಲ್ ತಂದು ಬಿಸಾಡುವ ಮುಚ್ಚಳ! ಪಿವಿಸಿ ಮತ್ತು ಪಾಲಿಪ್ರೊಪಿಲೀನ್, ಈ ಎರಡು ಬಗೆಯ ಚೂರುಗಳಲ್ಲಿ ಒಂದನ್ನು ಸುಮಾರು ಶೇ 95, ಇನ್ನೊಂದನ್ನು ಶೇ 93ರಷ್ಟು ನೀರಿನಿಂದ ತೆಗೆಯಿತು. ಇಲ್ಲಿಯೂ ‘ಕರಗಿಸುತ್ತದೆ’ ಬೇಡ. ಎರಡು ಹಂತ ಇದೆ. ಮೊದಲು ಜೆಲ್ ಚೂರುಗಳನ್ನು ಹಿಡಿದುಕೊಳ್ಳುತ್ತದೆ. ಆಮೇಲೆ ಅದರೊಳಗಿನ ತಾಮ್ರ ಸೇರಿದ ವೇಗವರ್ಧಕ ನೇರಳಾತೀತ ಬೆಳಕಿನಲ್ಲಿ ಅವನ್ನು ಒಡೆಯುತ್ತದೆ. ಶೇ 95 ಅನ್ನುವುದು ನೀರಿನಿಂದ ತೆಗೆದ ಲೆಕ್ಕ. ಹೀಗೆ ಐದು ಸಲ ಬಳಸಬಹುದು. ಇದು ಪ್ರಯೋಗಾಲಯದ ನೀರು, ಬೆಳ್ಳಂದೂರು ಕೆರೆಯ ನೀರಲ್ಲ, ಅದನ್ನೂ ಸ್ಪಷ್ಟವಾಗಿ ಬರೆಯಿರಿ. ಹೀಗೆ ಹೇಳಿದರೆ ಆ ಕೆಲಸ ಚಿಕ್ಕದಾಗುವುದಿಲ್ಲ.

ಭಾಷೆಯ ಬಗ್ಗೆ ಜಾಸ್ತಿ ಹೇಳುವುದಿಲ್ಲ. ‘ಜೈವಿಕ ವಿಘಟನೀಯ’ ಬದಲು ‘ಕೊಳೆಯುವ’ ಸಾಕು. ಪಾಲಿಮರ್, ಕಿಣ್ವ ಹಾಗೆಯೇ ಇರಲಿ. ‘ಇಂದಿನ ಆಧುನಿಕ ಯುಗದಲ್ಲಿ’ ಅಂತ ಶುರುವಾಗುವ ಮೊದಲ ಒಂದೂವರೆ ಪುಟ ತೆಗೆದುಬಿಡಿ. 1920ರಲ್ಲಿ ಜರ್ಮನಿಯ ರಸಾಯನ ವಿಜ್ಞಾನಿ ಸ್ಟೌಡಿಂಗರ್ ಪಾಲಿಮರ್ ಅಂದರೆ ಉದ್ದ ಸರಪಳಿ ಅನ್ನುವ ಮಾತೆತ್ತಿದಾಗ ಬಹಳ ಜನ ರಸಾಯನ ವಿಜ್ಞಾನಿಗಳು ಒಪ್ಪಲಿಲ್ಲ, ನೊಬೆಲ್ ಬರಲು 1953 ಆಗಬೇಕಾಯಿತು. ಆ ಒಂದು ಸಾಲನ್ನು ಬೇಕಾದರೆ ಶಾವಿಗೆಯ ಹತ್ತಿರ ಇಡಿ.

ಹಾಗಾದರೆ ಎಲ್ಲಿಂದ ಶುರು ಮಾಡಬೇಕು? ನಿಮ್ಮ ಏಳನೇ ಪುಟದ ಕೊನೆಯಲ್ಲಿ ಒಂದು ಸಾಲಿದೆ. ನಿಮ್ಮ ವಾರ್ಡಿನ ಒಣಕಸ ಕೇಂದ್ರದ ಅಕ್ಕ ಕವರನ್ನು ಕಿವಿಯ ಹತ್ತಿರ ಮುದುರಿ, ಸದ್ದು ಕೇಳಿ, ಯಾವ ಬಗೆಯದ್ದು ಅಂತ ಹೇಳುತ್ತಾರೆ ಅಂತ. ಅದನ್ನು ಓದಿ ನಾನು ಪೆನ್ಸಿಲ್ ಕೆಳಗಿಟ್ಟೆ. ಹಾಲಿನ ಕವರ್ ಮೆತ್ತಗೆ ಮಡಚಿಕೊಳ್ಳುತ್ತದೆ, ಬಿಸ್ಕತ್ತಿನ ಪೊಟ್ಟಣ ಚರಪರ ಅನ್ನುತ್ತದೆ. ಪಾಲಿಥೀನ್, ಪಾಲಿಪ್ರೊಪಿಲೀನ್ ನೀರಿಗೆ ಹಾಕಿದರೆ ತೇಲುತ್ತವೆ. ಪೆಟ್, ಪಿವಿಸಿ ಮುಳುಗುತ್ತವೆ. ನೀವು ಹೇಳಿದ ರಸ್ತೆಗೆ ಪಿವಿಸಿ ಹೋಗದ ಹಾಗೆ ತಡೆಯುವುದು ಅಂಥವರ ಕೈ. ಅವರಿಂದ ಶುರು ಮಾಡಿ. ಆರು ವಿಷಯ ಬೇಡ, ಮೂರು ಸಾಕು: ಲೋಟ, ಬಾಟಲಿ, ಐಐಎಸ್‌ಸಿಯ ಜೆಲ್. ಮೂರೂ ಅವರ ಮೇಜಿನ ಮೇಲೆ ಬಂದುಹೋಗುವ ವಸ್ತುಗಳ ಕಥೆ. 1,400 ಪದ ದಾಟದಿರಲಿ.

ಬರೆಯುವ ಮೊದಲು ಒಮ್ಮೆ ಅವರ ಹತ್ತಿರ ಹೋಗಿ ಬನ್ನಿ. ಒಂದು ಪೆಟ್ ಲೋಟ, ಒಂದು ಪಿಎಲ್ಎ ಲೋಟ ತೆಗೆದುಕೊಂಡು ಹೋಗಿ. ಎರಡೂ ನೋಡಲು ಒಂದೇ ಥರ, ಎರಡೂ ನೀರಿನಲ್ಲಿ ಮುಳುಗುತ್ತವೆ. ಪೆಟ್ ರಾಶಿಗೆ ಪಿಎಲ್ಎ ಸೇರಿದರೆ ಮರುಬಳಕೆಯ ಮಾಲು ಕೆಡುತ್ತದೆ. ಎರಡನ್ನೂ ಅವರ ಕೈಗೆ ಕೊಟ್ಟು ಕೇಳಿ, ‘ಅಕ್ಕಾ, ಇದರಲ್ಲಿ ಯಾವುದು ಯಾವುದು?’ ಅಂತ. ಅವರು ಏನು ಮಾಡುತ್ತಾರೆ, ಏನು ಹೇಳುತ್ತಾರೆ, ಹಾಗೇ ಬರೆದು ಕಳಿಸಿ. ನಾನು ಕಾಯುತ್ತಿರುತ್ತೇನೆ.