ಮೆಲ್ಬರ್ನಿಗಿ ಹೊಂಟ ಬೀದರಿನ ತಮ್ಮಗ

ತಮ್ಮಾ, ಪಬ್ಲಿಕ್ ಹೆಲ್ತ್ ಓದ್ಲಿಕ್ಕೆ ಮೆಲ್ಬರ್ನಿಗಿ ಹೊಂಟೀದಿ ಅಂತ ಬರ್ದಿದ್ದಿ. "ಕೊರೊನಾದಾಗ ನಿರ್ಬಂಧ ಬಿಗಿ ಮಾಡಿದಾಗ ಅಲ್ಲಿ ಜನ ಸುಮ್ನಿದ್ರಾ? ಟಿವಿಯವ್ರು ನಮ್ಮಂಗ ಒದರಿದ್ರಾ? ನಾಳಿ ಮತ್ತ ಅಂಥದ್ದು ಬಂದ್ರ ನಾ ಏನ್ ಮಾಡ್ಬೇಕು?" ಅಂತ ಕೇಳೀದಿ. ಜೋಡಿಗಿ ಬಾಡಿಗಿ, ಕೆಲಸ, ರೊಟ್ಟಿನೂ ಕೇಳೀದಿ.

ಸಣ್ಣವು ಮೊದಲು ಮುಗಸ್ತೀನಿ. ಬಾಡಿಗಿ ತುಟ್ಟಿ, ಖೋಲಿ ಹಂಚ್ಕೋ. ಕೆಲಸ ಸಿಗ್ತದ; ಕ್ಲಾಸ್ ನಡೆದಾಗ ಎರಡು ವಾರಕ್ಕ 48 ತಾಸು, ಅದ್ಕೂ ಹೆಚ್ಚು ಮಾಡಬ್ಯಾಡ. ಜ್ವಾಳದ ಹಿಟ್ಟು ಇಂಡಿಯನ್ ಅಂಗಡ್ಯಾಗ ಇರ್ತದ, ಆದ್ರ ಹಳೀದು, ಜಿಗಿ ಹೋಗಿರ್ತದ. ಕುದಿಯೋ ನೀರು ಹಾಕಿ ನಾದಿದ್ರೂ ಬಡಿಯುವಾಗ ಅಂಚು ಒಡೀತದ. ಕಡಕ್ ರೊಟ್ಟಿ ತರೋದಿದ್ರ ವಿಮಾನದಾಗ ಕೊಡೋ ಕಾರ್ಡಿನ್ಯಾಗ ತಿನ್ನೋ ಸಾಮಾನು ಅದ ಅಂತ ಗುರ್ತು ಹಾಕು, ಮುಚ್ಚಿಟ್ರ ದಂಡ.

ಈಗ ಅಸಲಿ ಮಾತು. ಜನ ಸುಮ್ನಿದ್ರಾ ಅಂದ್ರ, ಮೊದಮೊದಲು ಬಹಳ ಮಂದಿ ಒಪ್ಕೊಂಡಿದ್ರು. 2020 ಆಗಸ್ಟ್ 2ಕ್ಕ ಸ್ಟೇಜ್ 4, ಅಂದ್ರ ಎಲ್ಲಾಕಿಂತ ಬಿಗಿ ಲಾಕ್‌ಡೌನ್, ಬಂತು. ಮನಿಯಿಂದ 5 ಕಿಲೋಮೀಟರ್ ದಾಟಂಗಿಲ್ಲ. ರಾತ್ರಿ 8ರಿಂದ ಮುಂಜಾನಿ 5ರ ತನಕ ಕರ್ಫ್ಯೂ. ಸಾಮಾನು ತರ್ಲಿಕ್ಕೆ ಮನಿಗೊಬ್ಬರು, ದಿನಕ್ಕ ಒಮ್ಮೆ. ಮಾಸ್ಕ್ ಇಲ್ಲಂದ್ರ 200 ಡಾಲರ್, ಆದೇಶ ಮೀರಿದ್ರ 1,652. ನಮ್ಮ ಕಡಿ ಲಾಠಿ ಮಾಡೋ ಕೆಲಸ ಇಲ್ಲಿ ದಂಡದ ಚೀಟಿ ಮಾಡ್ತಿತ್ತು.

ಟಿವಿ, ಪೇಪರಿನವ್ರೂ ಒದರಿದ್ರು, ಬ್ಯಾರೆ ನಮೂನಿ. ಮೆಲ್ಬರ್ನ್ ಇರೋ ವಿಕ್ಟೋರಿಯಾ ರಾಜ್ಯದ ಆಗಿನ ಪ್ರೀಮಿಯರ್ (ನಮ್ಮ ಮುಖ್ಯಮಂತ್ರಿ ಇದ್ದಂಗ) ಡ್ಯಾನಿಯಲ್ ಆಂಡ್ರ್ಯೂಸ್ ಒಂದಿನಾನೂ ಬಿಡದೆ 120 ದಿನ ಪತ್ರಿಕಾಗೋಷ್ಠಿ ಮಾಡಿದ್ರು, ಎಲ್ಲಾ ನೇರ ಪ್ರಸಾರ. ಸೆಪ್ಟೆಂಬರಿನ್ಯಾಗ ವರದಿಗಾರರು ಒಂದೇ ಪ್ರಶ್ನಿ ಹಿಡದ್ರು: ಕರ್ಫ್ಯೂ ಬೇಕಂತ ಹೇಳಿದವ್ರು ಯಾರು? ಮುಖ್ಯ ಆರೋಗ್ಯ ಅಧಿಕಾರಿ ನಾ ಹೇಳಿಲ್ಲ ಅಂದ್ರು, ಪೊಲೀಸ್ ಮುಖ್ಯಸ್ಥರೂ ನಾವು ಕೇಳಿಲ್ಲ ಅಂದ್ರು. ಒಬ್ಬ ಹೋಟೆಲ್ ಮಾಲಕರು ರಾಜ್ಯದ ಸುಪ್ರೀಂ ಕೋರ್ಟಿಗಿ ಹೋದ್ರು. ನವೆಂಬರಿನ್ಯಾಗ ಕೋರ್ಟು ಕರ್ಫ್ಯೂ ಕಾನೂನುಬದ್ಧ ಅಂತು. ನೋಡೋ ಮಂದಿ ಮಾತ್ರ ಎರಡು ಪಾಲು. ಒಂದು ಪಾಲು "ಡಿಕ್ಟೇಟರ್ ಡ್ಯಾನ್" ಅಂತಿತ್ತು, ಇನ್ನೊಂದು ಪ್ರಶ್ನಿ ಕೇಳಿದ ವರದಿಗಾರರಿಗೇ ಬೈತಿತ್ತು. 2022ರ ಚುನಾವಣ್ಯಾಗ ಅದೇ ಆಂಡ್ರ್ಯೂಸ್ ಮತ್ತ ಗೆದ್ದರು. ಪೇಪರಿನ ತಲೆಬರಹ ನೋಡಿ ಊರಿನ ಮನಸ್ಸು ಅಳೀಬ್ಯಾಡ. ನಮ್ಮ ಕಡಿ ನೆನಪದಲ್ಲ, 2020 ಡಿಸೆಂಬರಿನ್ಯಾಗ ಕರ್ನಾಟಕದಾಗ ರಾತ್ರಿ ಕರ್ಫ್ಯೂ ಸಾರಿದ್ರು, ಟೀಕಿ ಬಂತು, ಮೊದಲ ರಾತ್ರಿ ಬರೋದ್ರಾಗೇ ವಾಪಸ್ ತಗೊಂಡ್ರು. ಇಲ್ಲಿ ಹಂಗ ಆಗಲ್ಲ. ಸಾರಿದ್ರಂದ್ರ ಬಂತಂತನೇ ತಿಳಕೋ.

2021ಕ್ಕ ಸಹನಿ ಮುಗೀತು. ಸೆಪ್ಟೆಂಬರಿನ್ಯಾಗ ಕಟ್ಟಡ ಕೆಲಸದ ಜಾಗಾದಾಗಿನ ಚಹಾ ಖೋಲಿ ಮುಚ್ಚಿಸಿದ್ರು, ಒಳಗ ಕುಂತು ತಿಂದ್ರ ಹರಡ್ತದ ಅಂತ. ಕೆಲಸಗಾರರು ಟೇಬಲ್ಲು ಕುರ್ಚಿ ತಂದು ನಡು ರಸ್ತೆದಾಗ ಹಾಕ್ಕೊಂಡು ಕುಂತ್ರು. ಮುಂದ ಲಸಿಕೆ ಕಡ್ಡಾಯದ ಸಿಟ್ಟೂ ಕೂಡ್ತು, ಯೂನಿಯನ್ ಕಚೇರಿ ಮುಂದ ಗಲಾಟಿ ಆಯ್ತು, ಸರ್ಕಾರ ಎರಡು ವಾರ ಕಟ್ಟಡ ಕೆಲಸನೇ ಬಂದ್ ಮಾಡ್ತು.

ಆದೇಶ ಬಿಗಿ ಆದಾಗ ನೀ ಮಾಡೋದು ಇಷ್ಟು. ಸುದ್ದಿ ಓದಿ ಹೊರಗ ಬೀಳಬ್ಯಾಡ, ಆರೋಗ್ಯ ಇಲಾಖೆ ಹಾಕಿದ ಆದೇಶದ ಪ್ರತಿ ಇಳಿಸ್ಕೋ. ಜಾರಿ ತಾಸು ನೋಡು: ಇಲ್ಲಿ ಹೆಚ್ಚಾಗಿ ರಾತ್ರಿ 11:59 ಅಂತ ಬರೀತಾರ, ತಾರೀಖು ತಪ್ಪಿ ಓದಿದ್ರ ಪೂರಾ ಒಂದಿನ ಹೆಚ್ಚು ಕಡಿಮಿ. ಆಮ್ಯಾಲ ನಿನ್ನ ಕೌನ್ಸಿಲ್ (ನಮ್ಮ ನಗರಸಭೆ ಇದ್ದಂಗ) ಹೆಸರು ಪಟ್ಟಿದಾಗ ಅದನೋ ಇಲ್ಲೋ ನೋಡು. ಪಿನ್ ಕೋಡ್ ನಂಬಬ್ಯಾಡ, ಒಂದೇ ಪಿನ್ ಕೋಡ್ ಎರಡು ಕೌನ್ಸಿಲಿನ್ಯಾಗ ಇರ್ತದ. ಸ್ಟೇಜ್ 4ರಾಗ ಕೆಲಸಕ್ಕ ಹೋಗೋರ ಕೈಯಾಗ ಪರ್ಮಿಟ್ ಇರ್ಬೇಕಿತ್ತು, ಮಾಲಕನ ಸಹಿ, ಕೆಲಸಗಾರನ ಸಹಿ, ಜೋಡಿಗಿ ಫೋಟೋ ಇರೋ ಗುರುತು. ಕೈಗಿ ರೊಕ್ಕ ಕೊಟ್ಟು ಕೆಲಸ ಮಾಡಿಸ್ಕೊಳ್ಳೋ ಮಾಲಕ ಈ ಕಾಗದಕ್ಕ ಸಹಿ ಹಾಕಲ್ಲ, ಹಾಕಿದ್ರ ತಾನೇ ಸಿಗಬೀಳ್ತಾನ. ಹೋಗೋದಿದ್ರ ಪೇ ಸ್ಲಿಪ್ ಕೊಡೋ ಕಡಿನೇ ಹೋಗು. ಖೋಲಿ ಬದಲಿಸಿದ್ರ ವಿಳಾಸನೂ ಎಲ್ಲಾ ಕಡಿ ಬದಲಿಸು; ಆಗ ಆ 5 ಕಿಲೋಮೀಟರ್ ಎಣಿಸ್ತಿದ್ದದ್ದು ಇರೋ ಮನಿಯಿಂದ.

ಇನ್ನೊಂದು ಮಾತು ನೀ ಕೇಳಿಲ್ಲ, ಆದ್ರ ನನಗ ಹೇಳೋದದ. ನಿರ್ಬಂಧ ಬಿಗಿ ಆದಾಗ ಜನರ ಸಿಟ್ಟು ಮೊದಲು ಹೋಗೋದು ಹೊರಗಿಂದ ಬಂದವರ ಮ್ಯಾಲ. ಇದು ನಿನಗ ಬಿಡಿಸಿ ಹೇಳೋದು ಬ್ಯಾಡ. ದೇಶದ ಮೊದಲ ಕೊರೊನಾ ಸಾವು ನಮ್ಮ ಕಲಬುರಗ್ಯಾಗ, 2020 ಮಾರ್ಚ್ 10ಕ್ಕ, ಸೌದಿಯಿಂದ ಬಂದ 76ರ ಹಿರಿಯರದು. ಆಮ್ಯಾಲ ಹೊರದೇಶದಿಂದ ಬಂದವರ ಮನಿ ಅಂದ್ರ ಜನ ಹ್ಯಾಂಗ ನೋಡ್ತಿದ್ರು, ನೀನೂ ಕಂಡಿರ್ತಿ. ಇಲ್ಲಿ ಜುಲೈ 4ಕ್ಕ ಒಂಬತ್ತು ಸರ್ಕಾರಿ ವಸತಿ ಕಟ್ಟಡ ಒಮ್ಮೆಲೇ ಮುಚ್ಚಿದ್ರು, ಸುಮಾರು 3,000 ಮಂದಿ, ವಲಸೆ ಬಂದವರೇ ಬಹಳ. ಬ್ಯಾಳಿ, ಔಷಧ ತರ್ಲಿಕ್ಕೂ ಹೊತ್ತು ಕೊಡಲಿಲ್ಲ. ಮುಂದ ರಾಜ್ಯದ ಒಂಬುಡ್ಸ್‌ಮನ್ (ನಮ್ಮ ಲೋಕಾಯುಕ್ತ ಇದ್ದಂಗ) ವರದಿನೇ ಇದು ಮಾನವ ಹಕ್ಕಿನ ಉಲ್ಲಂಘನಿ ಅಂತು. ಆ ಹೊತ್ತಿನ್ಯಾಗ ನಾವು ಕನ್ನಡದವ್ರು ಮನ್ಯಾಗ ಕುಂತು "ಸರಿ ಮಾಡ್ಯಾರ, ಗಡಿನೂ ಪೂರಾ ಮುಚ್ಚಲಿ" ಅಂದಿದ್ವಿ. ನಾನೂ ಅಂದಿದ್ದೆ. 2009ರಾಗ ಇಲ್ಲಿಗಿ ಬಂದಾಗ ನಾನೂ ಹೊರಗಿನವನೇ ಅನ್ನೋದು ಅಷ್ಟೊತ್ತಿಗಿ ಮರ್ತಿದ್ದೆ.

2021 ಮೇ 3ಕ್ಕ ಗಡಿ ಮುಚ್ಚಿದ್ದು ನಮಗೇ. ಹಿಂದಿನ 14 ದಿನದಾಗ ಭಾರತದಾಗ ಇದ್ದವ್ರು, ಆಸ್ಟ್ರೇಲಿಯಾದ ಪ್ರಜೆ ಆದ್ರೂ, ಒಳಗ ಬಂದ್ರ 66,600 ಡಾಲರ್ ತನಕ ದಂಡ ಇಲ್ಲಾ 5 ವರ್ಷದ ತನಕ ಜೈಲು, ಇಲ್ಲಾ ಎರಡೂ. ಬೆಂಗಳೂರಾಗ ಸಿಕ್ಕಿಬಿದ್ದ 73ರ ಹಿರಿಯರೊಬ್ಬರು ಕೋರ್ಟಿಗಿ ಹೋದ್ರು, ಗೆಲ್ಲಲಿಲ್ಲ. ಕೇಂದ್ರ ಸರ್ಕಾರದ ಪರ ಬರಿಯೋ ಅಂಕಣಕಾರರೂ ಈ ಸಲ ಉರದುಬಿದ್ರು. ಮೇ 15ಕ್ಕ ತೆಗದ್ರು. ಆಗ ನಮ್ಮ ಪರ ದನಿ ಎತ್ತಿದವ್ರೊಳಗ ಎಷ್ಟೋ ಮಂದಿ ಆ ಕಟ್ಟಡದವರ ಪರನೂ ಎತ್ತಿದವ್ರೇ.

ವಿದ್ಯಾರ್ಥಿ ವೀಸಾದ ಮಂದಿ ಕಥಿ ಇನ್ನೂ ಬ್ಯಾರೆ. 2020 ಏಪ್ರಿಲ್ಲಿನ್ಯಾಗ ಪ್ರಧಾನಿ ಸ್ಕಾಟ್ ಮಾರಿಸನ್, ತಮ್ಮ ಖರ್ಚು ತಾವು ನಡಸ್ಲಿಕ್ಕೆ ಆಗ್ದವ್ರು ಊರಿಗಿ ಹೋಗ್ರಿ ಅಂತ ಸೀದಾ ಅಂದುಬಿಟ್ರು. ಜಾಬ್‌ಕೀಪರ್ ಅನ್ನೋ ಸರ್ಕಾರದ ಪಗಾರ ಸಹಾಯ ಈ ಮಂದಿಗಿರಲಿಲ್ಲ. ವಿಕ್ಟೋರಿಯಾ ಸರ್ಕಾರ ಒಂದು ಸಲ 1,100 ಡಾಲರ್ ತನಕ ಕೊಟ್ಟಿತ್ತು. ಊರಿಗಿ ಹೋದವ್ರಿಗಿ ಗಡಿ ತೆರದಿದ್ದು 2021 ಡಿಸೆಂಬರ್ 15ಕ್ಕ.

ಅದ್ಕ, ಮೂರು ತಿಂಗಳ ಬಾಡಿಗಿ, ಊಟ, ವಾಪಸ್ ಟಿಕೀಟು, ಇಷ್ಟು ರೊಕ್ಕ ನಿನ್ನ ಇಲ್ಲಿನ ಖಾತೆದಾಗೇ ಇರ್ಲಿ. ಅಪ್ಪ ಹೊಲದ ಬಾವಿ ಕೆಲಸಕ್ಕ ಕೇಳಿದ್ರೂ ಅದನ್ನ ಮುಟ್ಟಬ್ಯಾಡ.